ಗ್ವಾಡಿ ಹಿಡಿದು ನಡೆಯುವ ಓಣಿ

ನಮ್ಮ ಮನೆಯ ಹಿತ್ತಲಲ್ಲಿ, ನೀರಿನ ತೊಟ್ಟಿಯ ಪಕ್ಕ, ಕರಿಕಲ್ಲಿನ ಒಂದು ಪಾವಟಿಗೆ, ಮೆಟ್ಟಿಲಿನ ಕಲ್ಲು, ಬಿದ್ದುಕೊಂಡಿದೆ. ಮೂರೂವರೆ ಫೂಟು ಉದ್ದ, ಒಂದು ಫೂಟಿಗಿಂತ ಬೆರಳಷ್ಟು ಹೆಚ್ಚು ಅಗಲ. ಮುಂದಿನ ಅಂಚು ದುಂಡಗಿದೆ, ಅಂಚಿನ ಕೆಳಗೆ ಸಣ್ಣದೊಂದು ಬಳ್ಳಿ. ಸುತ್ತಿಗೆ, ಚಾಣ ಹಿಡಿದು ಅದನ್ನು ಕಡೆದವನು ನಾನೇ. ನನ್ನ ಹೆಂಡತಿ ನೀಲವ್ವ ಈಗ ಅದರ ಮೇಲೆ ಅರಿವೆ ಒಗೆಯುತ್ತಾಳೆ. ಮನೆಗೆ ಬಂದವರು ಕೈಕಾಲು ತೊಳೆಯಲು ಹಿಂದಕ್ಕೆ ಹೋದಾಗ ಅದನ್ನು ನೋಡಿ, ಇಂಥ ಕಲ್ಲನ್ನು ಸಬಕಾರದ ನೀರಿಗೆ ಹಾಕಿದ್ದೀರಲ್ಲ ಎಂದು ಮರುಗುತ್ತಾರೆ. "ಮೊದಲ ಮುಂಬಾಗಲದಾಗ ಇತ್ರಿ. ವಯಸ್ಸಾತು, ನಮ್ಮಂಗ ಹಿತ್ತಲಕ ಬಂತು" ಎನ್ನುತ್ತಾಳೆ ನೀಲವ್ವ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ.

ನಾನು ಗೌಂಡಿ. ಬನಹಟ್ಟಿ, ರಬಕವಿ, ಅತ್ತ ಜಮಖಂಡಿ, ಇತ್ತ ಮುಧೋಳ, ಈ ಸುತ್ತಿನಲ್ಲಿ ನಾನು ನಿಲ್ಲಿಸಿದ ಗೋಡೆಗಳನ್ನು ಎಣಿಸಿಟ್ಟಿಲ್ಲ. ಒಂದೂ ಬಿದ್ದಿಲ್ಲ, ಅಷ್ಟು ಬಲ್ಲೆ. ಸಾಲಿ ಬಿಟ್ಟದ್ದು ಆರನೇ ಇಯತ್ತೆಗೆ. ಮಾಸ್ತರರು ಹಲಗೆಯ ಮೇಲೆ ಒಂದು ಚೌಕ ಬರೆದು ಅದರ ಕ್ಷೇತ್ರಫಲ ಎಷ್ಟು ಎಂದು ಕೇಳಿದರು. ನಾನು ಎದ್ದು ನಿಂತು, ಸರ್, ಮೊದಲು ಅದರ ಬಲಗಡೆಯ ಮೂಲೆ ಸರಿ ಮಾಡ್ರಿ, ವಾರಿ ಆಗೈತಿ ಎಂದೆ. ನನ್ನನ್ನು ಹೊರಗೆ ನಿಲ್ಲಿಸಿದರು. ಹೊರಗೆ ನಿಂತವನಿಗೆ ಸಾಲಿಯ ಗೋಡೆಯೂ ವಾರಿ ಇರುವುದು ಕಾಣಿಸಿತು. ಅದನ್ನೂ ಹೇಳಿದೆ. ಆಮೇಲೆ ನನಗೂ ಸಾಲಿಗೂ ಬಹಳ ದಿನ ಕೂಡಿಬರಲಿಲ್ಲ.

ಬಾಳಿನಲ್ಲಿ ನನಗೆ ಹೆಸರು ತಂದದ್ದು ಪಾವಟಿಗೆ. ಗೋಡೆಯನ್ನು ಯಾರು ಬೇಕಾದರೂ ಕಟ್ಟಬಲ್ಲರು. ಏರುವವನ ಕಾಲು ಹುಡುಕದೆ ಸಿಗುವಂಥ ಪಾವಟಿಗೆ ಕಟ್ಟುವವರು ಕಡಿಮೆ. ನಮ್ಮ ಕಡೆ ಮನೆ ಕಟ್ಟಿಸುವವನು ಗೌಂಡಿಗೆ ಹೇಳುವ ಮೊದಲ ಮಾತು, ಒಳಗೆ ಒಂದು ಬೊಟ್ಟು ಜಾಗವೂ ಹಾಳಾಗಬಾರದು ಎಂಬುದು. ಆದ್ದರಿಂದ ಗೋಡೆಯನ್ನು ಅವನ ಜಾಗದ ಹದ್ದಿನ ಕಟ್ಟಕಡೆಗೆ ತಂದು ನಿಲ್ಲಿಸುತ್ತೇವೆ. ಪಾವಟಿಗೆ ಎಲ್ಲಿ? ಗಟಾರದ ಮೇಲೆ, ಗಟಾರ ದಾಟಿ ರಸ್ತೆಯ ಮೇಲೆ. ಗಟಾರದ ಮೇಲಿನ ಜಾಗ ಯಾರದೆಂದು ಯಾರೂ ಕೇಳಿದ್ದಿಲ್ಲ. ಮೊದಲು ಫರಸಿ ಕಲ್ಲು ಹಾಸಿದವನದು ಎಂದು ಎಲ್ಲರಿಗೂ ಹುಟ್ಟುತ್ತಲೇ ತಿಳಿದಿರುತ್ತದೆ.

ಇನ್ನು ಎತ್ತರದ ಮಾತು. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ನಾಲ್ಕು ಬೆರಳು ಮೇಲೇಳುತ್ತದೆ. ಮಳೆಯ ನೀರು ಮನೆಯ ಒಳಗೆ ಬಂದೀತು ಎಂಬ ಹೆದರಿಕೆಯಿಂದ ಹೊಸದಾಗಿ ಕಟ್ಟುವವನು ಪಕ್ಕದ ಮನೆಗಿಂತ ಒಂದು ಇಟ್ಟಂಗಿ ಎತ್ತರಿಸುತ್ತಾನೆ. ಅವನನ್ನು ನೋಡಿ ಅವನ ಪಕ್ಕದವನು ಎರಡು ಇಟ್ಟಂಗಿ. ನಮ್ಮ ಓಣಿಯಲ್ಲಿ ಎಂಟು ಪವರ್‌ಲೂಮ್ ಇಟ್ಟುಕೊಂಡಿರುವ ಚನ್ನಪ್ಪ ಮನೆ ಕಟ್ಟಿಸುವಾಗ ನನ್ನ ಮನೆಯ ಮುಂದೆ ಬಂದು ನಿಂತು, "ನಿನ್ನವು ಮೂರ ಪಾವಟಿಗಿ ಅದಾವಲ್ಲ, ನನಗ ಐದ ಇರ್ಲಿ" ಎಂದ. ಐದು ಕಟ್ಟಿದೆ. ಎರಡೂ ಬದಿಗೆ ಮೊಣಕಾಲೆತ್ತರದ ಗಿಡ್ಡ ಗೋಡೆ ಬೇಕೆಂದ, ಅದನ್ನೂ ಕಟ್ಟಿದೆ. ಕಟ್ಟಿ ಮುಗಿದ ದಿನ ರಸ್ತೆಯ ಆ ಬದಿಗೆ ನಿಂತು ನೋಡಿದೆ. ಒಂದು ಸಣ್ಣ ಕೋಟೆ ಇದ್ದಂತಿತ್ತು. ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನಾವು ಸಣ್ಣವರಿದ್ದಾಗ ಇದೇ ಓಣಿಯಲ್ಲಿ ಒಂದು ಪಾವಟಿಗೆಯೂ ರಸ್ತೆಗೆ ಇಳಿದಿರಲಿಲ್ಲ. ನಮ್ಮದು ನೇಕಾರರ ಓಣಿ. ಆಗ ಮನೆ ಮನೆಗೆ ಕೈಮಗ್ಗ. ಮಗ್ಗಕ್ಕೆ ಏರಿಸುವ ಮೊದಲು ನೂಲಿನ ಹಾಸನ್ನು ಓಣಿಯ ನಡುವೆ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಬಿಸಿಲಿಗೆ ಒಣಗಿಸುತ್ತಿದ್ದರು. ಮುಂಜಾನೆ ಎದ್ದು ಬಾಗಿಲು ತೆರೆದರೆ ಓಣಿಯ ತುಂಬ ಬಿಳಿಯ ನೂಲು, ಗಂಜಿಯ ಹುಳಿ ವಾಸನೆ. ಎಳೆಗೆ ಕೈ ತಾಗಿದರೆ ಹರಿಯುತ್ತದೆ, ಹರಿದರೆ ಬೈಗುಳ. ಆದ್ದರಿಂದ ಸಾಲಿಗೆ ಹೊರಟ ನಮಗೆ ಅವ್ವ ದಿನಾ ಒಂದೇ ಮಾತು ಹೇಳುತ್ತಿದ್ದಳು: "ಗ್ವಾಡಿ ಹಿಡಕೊಂಡ ನಡೀರಿ."

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಮುಂದೆ, ಅವಳ ಪರಕಾರದ ಚುಂಗು ಹಿಡಿದು ನಾನು ಹಿಂದೆ. ಅವಳ ಬಲಗೈ ಗೋಡೆಯ ಮೇಲೆ. ಒಂದು ಮನೆಯ ಗೋಡೆ ಮುಗಿದು ಇನ್ನೊಂದು ಮನೆಯ ಗೋಡೆ ಶುರುವಾಗುವುದು ಕೈಗೆ ತಿಳಿಯುತ್ತಿತ್ತು. ಒಂದು ಮಣ್ಣಿನದು, ಒಂದು ಸುಣ್ಣದ್ದು, ಒಂದು ಬರೀ ಕಲ್ಲು. ಕಣ್ಣು ಮುಚ್ಚಿಯೂ ನಡೆಯುತ್ತಿದ್ದಳು ಅಕ್ಕ. ಕೂಡಲಿಕ್ಕೆ ಕಟ್ಟೆ ಇತ್ತು, ಆದರೆ ಅದು ಬಾಗಿಲಿನಿಂದ ಒಳಕ್ಕೆ, ಮನೆಯವರದೇ ಜಾಗದಲ್ಲಿ. ರಸ್ತೆಗೆ ಕಲ್ಲು ಇಳಿಸಿದರೆ ಹಾಸು ಹಾಯುವುದಿಲ್ಲ. ಹಾಸು ಹಾಯದಿದ್ದರೆ ಓಣಿಗೆ ಓಣಿಯೇ ಉಪವಾಸ. ಇದನ್ನು ಯಾವ ಕಾಗದದಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿರಲಿಲ್ಲ.

ಆಮೇಲೆ ಪವರ್‌ಲೂಮ್ ಬಂತು. ಹಾಸು ಎಲ್ಲೋ ಮಿಲ್ಲಿನಲ್ಲಿ ತಯಾರಾಗಿ ಉರುಳೆಗೆ ಸುತ್ತಿಕೊಂಡೇ ಬರತೊಡಗಿತು. ಓಣಿ ಖಾಲಿಯಾಯಿತು. ಖಾಲಿ ಜಾಗ ಕಂಡರೆ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ಮೊದಲ ಪಾವಟಿಗೆಯನ್ನು ರಸ್ತೆಗೆ ಇಳಿಸಿದವರು ಯಾರು ಎಂದು ನಮ್ಮ ಓಣಿಯಲ್ಲಿ ಈಗ ಯಾರನ್ನು ಕೇಳಿದರೂ ನೆನಪಿಲ್ಲ ಎನ್ನುತ್ತಾರೆ. ನನಗೆ ನೆನಪಿದೆ. ನನ್ನ ಮನೆಯ ಮುಂದಿನವೇ ಮೊದಲು. ಮೂರು, ಕರಿಕಲ್ಲಿನವು, ಬಳ್ಳಿ ಕೊರೆದವು.

ಹೀಗಾಗಿ ಅಂಚಿನಲ್ಲಿ ನಡೆಯುವುದು ಹೋಗಿ ಎಲ್ಲರೂ ರಸ್ತೆಯ ನಡುವೆ ನಡೆಯತೊಡಗಿದೆವು. ಮುಧೋಳದ ನಾಯಿಗಳನ್ನು ನೀವು ನೋಡಿರಬೇಕು, ತಿಮ್ಮಾಪುರದ ಕಡೆ ಸಾಕುತ್ತಾರಲ್ಲ. ಸೊಂಟ ಎಂಬುದು ಇದೆಯೋ ಇಲ್ಲವೋ ಎನ್ನುವಷ್ಟು ಸಣಕಲು. ಚನ್ನಪ್ಪನೂ ಅಂಥದೊಂದನ್ನು ಸಾಕಿದ್ದ. ಪಾವಟಿಗೆಗಳ ಸಂದಿನಲ್ಲಿ, ನಿಲ್ಲಿಸಿದ ಗಾಡಿಗಳ ನಡುವೆ ನುಸುಳಿ, ರಸ್ತೆಗಿಳಿಯದೆ ನಮ್ಮ ಓಣಿಯನ್ನು ದಾಟಬಲ್ಲ ಪ್ರಾಣಿ ಅದೊಂದೇ ಇತ್ತು.

ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಬೀಳಗಿಯ ಕಡೆ, ಹಿನ್ನೀರಿಗೆ ಊರು ಕಳೆದುಕೊಂಡವರಿಗೆ ಕಟ್ಟಿದ ಹೊಸ ಊರೊಂದರಲ್ಲಿ ನಾನು ಒಂದು ಬೇಸಿಗೆ ಕೆಲಸ ಮಾಡಿದ್ದೇನೆ. ಎರಡು ಚಕ್ಕಡಿ ಎದುರುಬದುರು ಬಂದರೂ ನಡುವೆ ಮತ್ತೊಂದು ಹಾಯಬಹುದು, ಅಷ್ಟು ಅಗಲದ ರಸ್ತೆ. ಮನೆಗಳು ರಸ್ತೆಯ ಮೇಲೆ ಸಿಟ್ಟಾದವರಂತೆ ಹಿಂದೆ ಸರಿದು ನಿಂತಿದ್ದವು. ನೆರಳಿಲ್ಲ, ಕಟ್ಟೆಯಿಲ್ಲ. ನಾನು ಬುತ್ತಿ ಬಿಚ್ಚುವಾಗ ಒಬ್ಬ ಮುದುಕಪ್ಪ ದಿನಾ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದ. ರೊಟ್ಟಿಗೆ ಕರೆದರೆ ಬೇಡವೆನ್ನುತ್ತಿದ್ದ. ನಾನು ಇಟ್ಟಂಗಿ ಒಟ್ಟಿದಲ್ಲಿ ಸ್ವಲ್ಪ ನೆರಳಿತ್ತು, ಅದಕ್ಕೆ ಬರುತ್ತಿದ್ದ. "ರಸ್ತಾ ಭಾಳ ದೊಡ್ಡದ ಮಾಡಿ ಕೊಟ್ಟಾರಪ್ಪಾ, ಎಲ್ಲಿ ಕೂಡಬೇಕಂತ ತಿಳಿವಲ್ದು" ಎಂದಿದ್ದ. ನಮ್ಮ ಓಣಿ ಅದರ ಕಾಲುಭಾಗವೂ ಇಲ್ಲ. ಆದರೂ ಒಂದು ಕಾಲಕ್ಕೆ ಅದರಲ್ಲಿ ನೂಲೂ ಹಾಯ್ದಿತ್ತು, ಮಕ್ಕಳೂ ಹಾಯ್ದಿದ್ದೆವು.

ಅಕ್ಕನ ಮಾತಿಗೆ ಬರುತ್ತೇನೆ. ಅವಳನ್ನು ಕೊಟ್ಟದ್ದು ಇದೇ ಓಣಿಗೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಆರು ಮನೆ, ಎಲ್ಲವೂ ಒಂದೇ ಬದಿಗೆ. ಅವ್ವ ತೀರಿದ ಮೇಲೆ ನನ್ನ ಮನೆಯೇ ಅವಳ ತವರು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಮುಗಿಸಿ ಸಂಜೆಯ ಚಹಾಕ್ಕೆ ಬಂದಳೆಂದರೆ ನೀಲವ್ವನಿಗೂ ಅವಳಿಗೂ ಮಾತು ಮುಗಿಯುತ್ತಿರಲಿಲ್ಲ. ನಾಗರಪಂಚಮಿಗೆ ಡಬ್ಬಿಯಲ್ಲಿ ಉಂಡಿ ತುಂಬಿಕೊಂಡು ಬಂದು, ಹಬ್ಬದ ದಿನ ನಮ್ಮಲ್ಲೇ ಉಣ್ಣುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಅವಳ ಎಡಗಣ್ಣು ಹೋಯಿತು, ಬಲಗಣ್ಣಿಗೆ ಎದುರಿಗಿದ್ದದ್ದು ಮಾತ್ರ ಮಬ್ಬಾಗಿ ಕಾಣುತ್ತದೆ. ಮನೆಯಲ್ಲಿ ಎಲ್ಲ ಕೆಲಸ ಕೈಯಿಂದ ತಡವಿಯೇ ಮಾಡುತ್ತಾಳೆ, ಕಂಡಿಕೆ ಕೂಡ. ಅವಳ ಕೈಯ ಚುರುಕು ನೋಡಿದವರಿಗೆ ಕಣ್ಣಿನ ಮಾತು ಮರೆತುಹೋಗುತ್ತದೆ. ನನಗೂ ಮರೆತಿತ್ತು.

ಮೊದಲು ಸಂಜೆಯ ಚಹಾ ನಿಂತಿತು. ಆಮೇಲೆ ಹೋದ ವರ್ಷ ಪಂಚಮಿಗೆ ಉಂಡಿಯ ಡಬ್ಬಿ ಪಕ್ಕದ ಮನೆಯವರ ಕೈಯಲ್ಲಿ ಬಂತು, ಅಕ್ಕ ಬರಲಿಲ್ಲ. ನಾನು ಸಿಟ್ಟಿನ ಕಾರಣ ಹುಡುಕಿದೆ. ಹುಡುಕಿದರೆ ಸಿಗದಿರುತ್ತದೆಯೆ? ಅವಳ ಹಿತ್ತಲ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಕೊಡುತ್ತೇನೆಂದು ಹೇಳಿ, ಜಮಖಂಡಿಯ ದೊಡ್ಡ ಕೆಲಸ ಹಿಡಿದು, ಎರಡು ಸಲ ತಪ್ಪಿಸಿದ್ದೆ. ಅದಕ್ಕೇ ಮುನಿದಿದ್ದಾಳೆ ಎಂದು ತೀರ್ಮಾನಿಸಿದೆ. ಹೋಗಿ ಕೇಳ್ರಿ ಎಂದು ನೀಲವ್ವ ನಾಲ್ಕು ಸಲ ಅಂದಳು. ಬರಬೇಕಾದವಳು ಅವಳು, ನಾನ್ಯಾಕೆ ಕೇಳಲಿ ಎಂದೆ. ಗಿಲಾವನ್ನು ಮಾತ್ರ ಒಂದು ದಿನ ಹೋಗಿ ಮಾಡಿ ಬಂದೆ, ಹೆಚ್ಚು ಮಾತಾಡದೆ. ಆದರೂ ಅವಳು ಬರಲಿಲ್ಲ. ಆಗ ನನಗೇ ಸಿಟ್ಟು ಬಂತು.

ಈ ನಡುವೆ ನನ್ನ ಮನೆಯ ಮುಂಭಾಗ ಕೆಡವಿ ಕಟ್ಟಿ, ಮೇಲೊಂದು ಕೋಲಿ ಏರಿಸಬೇಕೆಂದು ನಗರಸಭೆಗೆ ಅರ್ಜಿ ಕೊಟ್ಟಿದ್ದೆ. ಊರಿನವರ ಮನೆ ಕಟ್ಟುವಾಗ ಪರವಾನಗಿಯ ಗೋಜು ಅವರದು. ನನ್ನ ಮನೆಗೆ ನಾನೇ ಮಾಲಕ, ನಾನೇ ಗೌಂಡಿ. ನೋಡಲು ಬಂದವಳು ಸಣ್ಣ ವಯಸ್ಸಿನ ಇಂಜಿನಿಯರ್ ಬಾಯಿ, ಮುಧೋಳದ ಕಡೆಯವಳು. ಟೇಪು ಹಿಡಿದಳು. ನಾನು ಕಣ್ಣಳತೆಯಲ್ಲಿ ಹೇಳಿದ್ದಕ್ಕೂ ಅವಳ ಟೇಪಿಗೂ ಅರ್ಧ ಇಂಚು ವ್ಯತ್ಯಾಸ ಬಂತು. ಟೇಪು ಜಗ್ಗಿರಬೇಕು.

ಅವಳು ಹೇಳಿದ ನಿಯಮ ಇಷ್ಟು. ಹೊಸದಾಗಿ ಕಟ್ಟುವವರು, ಮುಂಭಾಗ ಕೆಡವಿ ಕಟ್ಟುವವರು ಪಾವಟಿಗೆಯನ್ನು ತಮ್ಮ ಹದ್ದಿನ ಒಳಗೇ ಇಟ್ಟುಕೊಳ್ಳಬೇಕು. ಮನೆಯ ಮುಂದಿನ ಗಟಾರದ ಮೇಲೆ ಫರಸಿ ಹಾಸಬೇಕು, ಪಕ್ಕದ ಮನೆಯದಕ್ಕೂ ಅದಕ್ಕೂ ಏರುಪೇರು ಇರಬಾರದು. ಮೇಲಿನ ಸಜ್ಜಾ ಆ ಫರಸಿಗೆ ನೆರಳು ಕೊಡಬೇಕು, ನಡೆಯುವವರ ತಲೆಗೆ ಬಡಿಯಬಾರದು. ಓಣಿಯ ಕಡೆಗೆ ಕಿಟಕಿ ಇರಬೇಕು. ಇಷ್ಟಾದರೆ ಪರವಾನಗಿ, ಇಲ್ಲದಿದ್ದರೆ ಇಲ್ಲ.

ಎರಡು ಫೂಟು ಪಡಸಾಲೆ ಕಳೆದುಕೊಳ್ಳುವ ಮಾತು ಇದು. ನಾನು ವಾದಕ್ಕೆ ನಿಂತೆ. ಮಂದಿ ಇಷ್ಟು ವರ್ಷ ನಡೆದಿಲ್ಲವೆ, ನಡೆಯಲು ರಸ್ತೆ ಇಲ್ಲವೆ, ತ್ರಾಸಾಗಿದೆ ಎಂದು ನಿಮ್ಮ ಹತ್ತಿರ ಯಾರು ಬಂದಿದ್ದರು ಎಂದೆಲ್ಲ ಕೇಳಿದೆ. ಅವಳು ಟೇಪು ಸುತ್ತುತ್ತ ಕೇಳಿಸಿಕೊಂಡಳು. ಆಮೇಲೆ ತಣ್ಣಗೆ, "ಹಂಗಾರ ಕಾಕಾ, ಆ ತುದಿತನಕ ಗ್ವಾಡಿ ಹಿಡಕೊಂಡ ನಡದ ಹೋಗ್ರಿ. ರಸ್ತೆಕ್ಕ ಇಳಿಬ್ಯಾಡ್ರಿ. ನಾ ನೋಡತೇನಿ" ಎಂದಳು.

ಗ್ವಾಡಿ ಹಿಡಿದು ನಡೆ ಎಂದು ನನಗೆ ಯಾರೂ ಹೇಳದೆ ಐವತ್ತು ವರ್ಷ ಆಗಿತ್ತು.

ಹೊರಟೆ. ಮೊದಲನೆಯ ಮನೆಯ ನಾಲ್ಕು ಪಾವಟಿಗೆಯನ್ನು ಬದಿಯಿಂದ ಹತ್ತಿ ಬದಿಯಿಂದ ಇಳಿದೆ. ಹಿಡಿತ ಛಲೋ ಇತ್ತು, ಕಟ್ಟಿದ್ದು ನಾನೇ. ಎರಡನೆಯದರ ಫರಸಿಯ ಮೇಲೆ ಮೋಟಾರ್‌ಸೈಕಲ್ ನಿಂತಿತ್ತು. ಅದಕ್ಕೂ ಗೋಡೆಗೂ ನಡುವೆ ಹೊಟ್ಟೆ ಒಳಗೆ ಎಳೆದುಕೊಂಡು ಹಾಯ್ದೆ, ಅಂಗಿಗೆ ಎಣ್ಣೆ ಹತ್ತಿತು. ಮೂರನೆಯದು ಕಾರು ಏರಿಸಲು ಮಾಡಿದ ಇಳಿಜಾರು. ಗಾಲಿ ಜಾರಬಾರದೆಂದು ನಾನೇ ಗೀರು ಹಾಕಿದ್ದೆ, ಆ ಗೀರಿಗೆ ಚಪ್ಪಲಿಯ ತುದಿ ಸಿಕ್ಕಿ ಮುಗ್ಗರಿಸಿದೆ. ನಾಲ್ಕನೆಯದು ಚನ್ನಪ್ಪನ ಕೋಟೆ. ಬದಿಯಿಂದ ಹತ್ತಲು ಬರದಂತೆ ಗಿಡ್ಡ ಗೋಡೆ. ಅದರ ಮುಂದೆ ಮೇವು ಮುಗಿದ ಆಡಿನಂತೆ ನಿಂತೆ. ಚನ್ನಪ್ಪ ಮೇಲೆ ಖುರ್ಚಿ ಹಾಕಿಕೊಂಡು ಕೂತಿದ್ದ.

"ಏನ ಗೌಂಡಿ, ನಿನ್ನ ಕೆಲಸಾ ನೀನ ನೋಡಾಕ ಬಂದ್ಯಾ?"

ನೋಡಾಕತ್ತೇನಿ ಎಂದೆ. ಬೇರೆ ದಾರಿ ಇರಲಿಲ್ಲ, ರಸ್ತೆಗೆ ಇಳಿದೆ. ಹಿಂದಿನಿಂದ ನೂಲಿನ ಗಂಟು ಹೇರಿಕೊಂಡ ಟಂಟಂ ಗಾಡಿ ಕಿವಿ ಹತ್ತಿರವೇ ಹಾರ್ನು ಹೊಡೆಯಿತು. ಚನ್ನಪ್ಪನ ಗಿಡ್ಡ ಗೋಡೆಗೆ ಬೆನ್ನು ಅಂಟಿಸಿ ಅದನ್ನು ಹಾಯಗೊಟ್ಟೆ. ಐದನೆಯದು, ಆರನೆಯದು ಹೇಗೋ ಮುಗಿದವು. ಬೆವರು ಒರೆಸಿಕೊಂಡು ನೋಡಿದರೆ ನಾನು ಅಕ್ಕನ ಮನೆಯ ಮುಂದೆ ನಿಂತಿದ್ದೆ. ಅವಳದು ಇಂದಿಗೂ ಹಳೆಯ ಮನೆ, ಬಾಗಿಲ ಒಳಗೇ ಕಟ್ಟೆ. ಅದರ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನನ್ನ ಉಸಿರಿನಿಂದಲೇ ಗುರುತು ಹಿಡಿದಳು.

"ಯಾಕಲೇ ತಮ್ಮಾ, ಇಷ್ಟ ತೇಕಾಕತ್ತೀ?"

ಗ್ವಾಡಿ ಹಿಡಿದು ಬಂದೆ ಎಂದೆ. ಅವಳ ಕೈ ನಿಂತಿತು. ಆಮೇಲೆ ನಕ್ಕಳು. ಬಹಳ ದಿನದ ಮೇಲೆ ಆ ನಗು ಕೇಳಿದೆ.

"ಹೋದ ಪಂಚಮಿಗಿ ನಾನೂ ಹಂಗ ಹೊಂಟಿದ್ದೆ. ಚನ್ನಪ್ಪನ ಮನಿತನಕ ಬಂದೆ. ಮುಂದ ಗ್ವಾಡಿ ಇಲ್ಲ. ರಸ್ತೆಕ್ಕ ಇಳಿಯೂಣಂದ್ರ ಏನ ಬರತೈತಿ ಕಾಣವಲ್ದು. ಡಬ್ಬಿ ಹಿಡಕೊಂಡ ಹೊಳ್ಳಿ ಬಂದೆ."

"ಒಂದ ಮಾತ ಹೇಳಬೇಕಿಲ್ಲ ನನಗ?"

"ಏನಂತ ಹೇಳ್ಲಿ? ನೀ ಕಟ್ಟಿದ್ದ ನನಗ ದಾಟಾಕ ಬರೂದಿಲ್ಲ ಅಂತ ಹೇಳ್ಲೇನು?"

ಅವಳು ಮತ್ತೆ ಕಂಡಿಕೆಗೆ ಕೈ ಹಾಕಿದಳು. ನಾನು ಅಲ್ಲೇ ಕೂತೆ. ಚಹಾ ಕುಡಿಯುತ್ತೀಯಾ ಎಂದಳು, ಕುಡಿದೆ. ಅಷ್ಟರಲ್ಲಿ ಇಂಜಿನಿಯರ್ ಬಾಯಿ ಓಣಿಯ ನಡುವಿನಿಂದ ಆರಾಮಾಗಿ ನಡೆದು ಬಂದು, ಏನಾಯಿತು ಕಾಕಾ ಎಂದು ಕೇಳಿದಳು. ನಕಾಶೆ ಬದಲಿ ಮಾಡಿ ಕೊಡತೇನ್ರಿ ಎಂದೆ. ಅಕ್ಕ ಅವಳಿಗೂ ಚಹಾ ಕೊಟ್ಟಳು.

ನನ್ನ ಪಾವಟಿಗೆ ಕೀಳಲು ನನಗೆ ಎರಡು ದಿನ ಹಿಡಿಯಿತು. ಅಷ್ಟು ಗಟ್ಟಿಯಾಗಿ ಕೂರಿಸಿದ್ದೆ. ಬೇರೆ ಯಾರಾದರೂ ಕಟ್ಟಿದ್ದರೆ ಮಧ್ಯಾಹ್ನಕ್ಕೆಲ್ಲ ಎದ್ದು ಬರುತ್ತಿತ್ತು ಎಂದು ಹೊಡೆಯುತ್ತ ಹೊಡೆಯುತ್ತ ಅಂದುಕೊಂಡೆ, ಅದರಿಂದ ಸ್ವಲ್ಪ ಸಮಾಧಾನವಾಯಿತು. ಹೊಸ ಗೋಡೆಯನ್ನು ಹದ್ದಿಗೇ ನಿಲ್ಲಿಸಿ, ಬಾಗಿಲನ್ನು ಒಳಕ್ಕೆ ತೆಗೆದುಕೊಂಡು, ಪಾವಟಿಗೆಯನ್ನು ಒಳಮುಖ ತಿರುಗಿಸಿದೆ. ಅದರ ಒಂದು ಬದಿಗೆ ಕೂಡುವಷ್ಟು ಕಟ್ಟೆ. ಪಡಸಾಲೆಯಲ್ಲಿ ನಾನು ಖುರ್ಚಿ ಹಾಕಿಕೊಳ್ಳುವ ಮೂಲೆ ಹೋಯಿತು. ಜಾಗಕ್ಕೆ ಎರಡೇ ಕಲ್ಲು ಸಾಕಾದವು, ಮೂರನೆಯದು ಹಿತ್ತಲಿಗೆ ಹೋಯಿತು. ಅದೇ ನೀಲವ್ವನ ಒಗೆಯುವ ಕಲ್ಲು.

ನಿಯಮ ಹೊಸ ಮನೆಗೆ ಮಾತ್ರ, ಹಳೆಯವರು ತಾವಾಗಿ ಕೆಡವಿ ಕಟ್ಟುವವರೆಗೆ ಕಾಯಬೇಕು ಎಂದು ಇಂಜಿನಿಯರ್ ಬಾಯಿ ಹೇಳಿದ್ದಳು. ನಾನು ಕಾಯುವಷ್ಟು ಸಣ್ಣವನಲ್ಲ, ಅಕ್ಕ ನನಗಿಂತ ದೊಡ್ಡವಳು. ಮನೆ ಮನೆಗೆ ಹೋದೆ. ನಾನು ಹೊರಗೆ ಹಾಕಿದ್ದನ್ನು ನಾನೇ ಒಳಗೆ ತಿರುಗಿಸಿಕೊಡುತ್ತೇನೆ, ಕಲ್ಲು ನಿಮ್ಮವೇ, ಕೈ ನನ್ನದು ಎಂದೆ. ಕೆಲವರು ಮೊದಲು ನನ್ನ ಮನೆ ನೋಡಿ ಹೋದರು, ಸಜ್ಜಾದ ಕೆಳಗೆ ನಿಂತು ನೋಡಿದರು, ಕಟ್ಟೆಯ ಮೇಲೆ ಕೂತು ನೋಡಿದರು. ಐದು ಮನೆಯವರು ಒಪ್ಪಿದರು. ಮೋಟಾರ್‌ಸೈಕಲ್ಲಿನವನು ಗಾಡಿಯನ್ನು ಹಿತ್ತಲಲ್ಲಿ ನಿಲ್ಲಿಸಲು ಒಪ್ಪಿದ, ಗೊಣಗುತ್ತ. ಒಪ್ಪದೆ ಉಳಿದವನು ಚನ್ನಪ್ಪ ಒಬ್ಬ. ಐದು ಪಾವಟಿಗೆ ಒಳಗೆ ತಿರುಗಿದರೆ ತನ್ನ ಒಂದು ಮಗ್ಗ ಎಲ್ಲಿಡಲಿ ಎಂದು ಕೇಳಿದ. ಒಳಗೆ ಒಂದು ಬೊಟ್ಟು ಜಾಗ ಉಳಿಯದಂತೆ ಮಗ್ಗ ಕೂಡಿಸಲು ಅಳತೆ ಹಾಕಿಕೊಟ್ಟವನು ನಾನೇ.

ಈ ವರ್ಷದ ಪಂಚಮಿಗೆ ಕರೆಯಲು ನಾನೇ ಹೋದೆ. ಅಕ್ಕ ಸೀರೆ ಉಟ್ಟು, ಉಂಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಇನ್ನೊಂದು ಕೈ ಚಾಚಿದೆ.

"ಬಿಡು, ಗ್ವಾಡಿ ಐತಿ" ಎಂದಳು.

ಈಗ ಅವಳ ಎಡಗೈ ಗೋಡೆಯ ಮೇಲೆ. ತವರಿಗೆ ಬರುವಾಗ ಗೋಡೆ ಎಡಕ್ಕೆ ಬರುತ್ತದೆ. ಅವಳು ಮುಂದೆ, ಡಬ್ಬಿ ಹಿಡಿದು ನಾನು ಹಿಂದೆ. ಆರನೆಯ ಮನೆಯ ಗೋಡೆ ಮುಗಿದು ಐದನೆಯದು ಶುರುವಾದಾಗ ಒಂದು ಗಳಿಗೆ ನಿಂತು, ಇದು ಹೊಸ ಗಿಲಾವು, ಇನ್ನೂ ತಂಪೈತಿ ಎಂದಳು. ಕಿಟಕಿಯ ಒಳಗಿನಿಂದ ಯಾರೋ, ಭಾಳ ದಿನದ ಮ್ಯಾಲೆ ಹೊಂಟೀಯಲ್ಲಬೇ ಎಂದು ಮಾತಾಡಿಸಿದರು. ಅಲ್ಲಿ ಅವಳ ಗೋಡೆ ಮುಗಿಯಿತು. ಮುಂದೆ ಚನ್ನಪ್ಪನ ಪಾವಟಿಗೆ. ಕೈ ಆ ಗಿಡ್ಡ ಗೋಡೆಯನ್ನು ಮೇಲಿಂದ ಕೆಳಗೆ ತಡವಿತು, ಅಂಚನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಿತು. ಅದು ಅಲುಗಲಿಲ್ಲ. ಅಲುಗುವಂಥದ್ದನ್ನು ನಾನು ಕಟ್ಟುವುದಿಲ್ಲ. ಮೇಲೆ ಖುರ್ಚಿಯಲ್ಲಿದ್ದ ಚನ್ನಪ್ಪ ಕೆಮ್ಮಿ, ಕಾಲು ಒಳಗೆ ತೆಗೆದುಕೊಂಡ.

ಅಕ್ಕ ನನ್ನ ಕಡೆ ತಿರುಗದೆ ಕೈ ಹಿಂದೆ ಚಾಚಿದಳು.

"ಇಲ್ಲಿ ಅಷ್ಟ ಹಿಡಿ. ಇದನ್ನ ಕಟ್ಟಿದಾಂವ ನೀನ ಅಲ್ಲೇನು."

ಹಿಡಿದೆ. ಇಬ್ಬರೂ ರಸ್ತೆಗೆ ಇಳಿದೆವು. ಎದುರಿಗೆ ಬಂದ ಗಾಡಿಯವನನ್ನು ಡಬ್ಬಿ ಅಡ್ಡ ಹಿಡಿದು ನಿಲ್ಲಿಸಿದೆ. ಏಳು ಹೆಜ್ಜೆ. ಚನ್ನಪ್ಪನ ಪಾವಟಿಗೆ ದಾಟಿ ಆಚೆ ಮತ್ತೆ ಗೋಡೆ ಸಿಕ್ಕ ಕೂಡಲೇ ಅಕ್ಕ ನನ್ನ ಕೈ ಬಿಟ್ಟಳು.